ಮಾಂಸ ಮುಟ್ಟಲ್ಲ, ಮದ್ಯ ಕುಡಿಯಲ್ಲ, ಆದರೂ ಫ್ಯಾಟಿ ಲಿವರ್ ಯಾಕೆ? ಪೈಠಣದ ಊಟದ ತಟ್ಟೆ ಹೇಳುವ ಪಾಠ

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು ಕಂಡ ಕೂಡಲೇ ಅನೇಕರು ಕೇಳುವ ಪ್ರಶ್ನೆ ಒಂದೇ: ‘ನಾನು ಕುಡಿಯುವುದಿಲ್ಲ, ಮಾಂಸವನ್ನೂ ತಿನ್ನುವುದಿಲ್ಲ, ನನಗೆ ಇದು ಹೇಗೆ ಬಂತು?’ ಪ್ರಶ್ನೆ ಸಹಜವಾದದ್ದೇ. ಲಿವರ್ ಹಾಳಾಗುವುದು ಕುಡಿತದಿಂದ, ಕೊಬ್ಬು ಸೇರುವುದು ಮಾಂಸದಿಂದ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಸಸ್ಯಾಹಾರಿ ಆಗಿರುವುದು ಬೇರೆ, ಲಿವರ್‌ಗೆ ಹಿತವಾದ ಸಸ್ಯಾಹಾರ ಸೇವಿಸುವುದು ಬೇರೆ. ಈ ವ್ಯತ್ಯಾಸ ಅರ್ಥವಾದರೆ ಅರ್ಧ ಚಿಕಿತ್ಸೆ ಆದಂತೆ.

ಇದನ್ನು ತಿಳಿಯಲು ಮಹಾರಾಷ್ಟ್ರದ ಪೈಠಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಗೋದಾವರಿ ದಂಡೆಯ ಮೇಲಿರುವ ಈ ಊರು ಶಾತವಾಹನರ ರಾಜಧಾನಿ ಪ್ರತಿಷ್ಠಾನ, ಪೈಠಣಿ ಸೀರೆಯ ತವರು, ಸಂತ ಏಕನಾಥರ ಊರು. ಏಕನಾಥರ ಮುತ್ತಾತ ಭಾನುದಾಸರೇ ವಿಜಯನಗರದಿಂದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದರು ಎಂಬ ನಂಬಿಕೆಯಿಂದ ಕನ್ನಡಿಗರಿಗೂ ಈ ಊರಿನ ನಂಟಿದೆ. ಏಕನಾಥ ಷಷ್ಠಿಯ ಜಾತ್ರೆಗೆ ಇಲ್ಲಿಗೆ ಬರುವ, ಆಷಾಢದಲ್ಲಿ ಇಲ್ಲಿಂದ ಪಲ್ಲಕ್ಕಿಯೊಂದಿಗೆ ಪಂಢರಪುರಕ್ಕೆ ನಡೆಯುವ ವಾರಕರಿಗಳು ತುಳಸಿ ಮಾಲೆ ಧರಿಸಿದ ಮೇಲೆ ಮಾಂಸ, ಮದ್ಯ ಎರಡನ್ನೂ ಬಿಡುತ್ತಾರೆ.

ಇಲ್ಲಿನ ಸಸ್ಯಾಹಾರಕ್ಕೆ ಎರಡು ಮುಖಗಳಿವೆ. ಒಂದು, ಜೋಳದ ಭಾಕ್ರಿ, ಕಾಳು ಪಲ್ಯ, ಸೊಪ್ಪಿನ ದಿನನಿತ್ಯದ ತಟ್ಟೆ. ಇನ್ನೊಂದು, ಸಬ್ಬಕ್ಕಿ ಖಿಚಡಿ, ಆಲೂಗಡ್ಡೆ, ಸಿಹಿ, ಕರಿದ ತಿಂಡಿಗಳ ಹಬ್ಬ-ಉಪವಾಸದ ತಟ್ಟೆ. ಎರಡೂ ಶುದ್ಧ ಸಸ್ಯಾಹಾರವೇ. ಆದರೆ ಲಿವರ್ ಎರಡನ್ನೂ ಒಂದೇ ರೀತಿ ನೋಡುವುದಿಲ್ಲ.

ಫ್ಯಾಟಿ ಲಿವರ್ ಎಂದರೇನು?

ಲಿವರ್‌ನಲ್ಲಿ ಸ್ವಲ್ಪ ಕೊಬ್ಬು ಇರುವುದು ಸಹಜ. ಅದರ ಜೀವಕೋಶಗಳಲ್ಲಿ ಶೇ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಮದ್ಯದ ಕಾರಣವಿಲ್ಲದೆ ಬರುವ ಈ ಸಮಸ್ಯೆಯನ್ನು ಬಹುಕಾಲ ‘ನಾನ್ ಆಲ್ಕೋಹಾಲಿಕ್ ಫ್ಯಾಟಿ ಲಿವರ್ ಡಿಸೀಸ್’, ಸಂಕ್ಷಿಪ್ತವಾಗಿ ಎನ್‌ಎಎಫ್‌ಎಲ್‌ಡಿ ಎಂದು ಕರೆಯಲಾಗುತ್ತಿತ್ತು. 2023ರಲ್ಲಿ ಅಂತರರಾಷ್ಟ್ರೀಯ ಲಿವರ್ ತಜ್ಞರ ಸಂಘಟನೆಗಳು ಇದಕ್ಕೆ ಎಂಎಎಸ್‌ಎಲ್‌ಡಿ ಎಂಬ ಹೊಸ ಹೆಸರು ಕೊಟ್ಟವು. ಬೊಜ್ಜು, ಮಧುಮೇಹ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಏರಿಕೆಯಂತಹ ಚಯಾಪಚಯದ ಏರುಪೇರಿನಿಂದ ಬರುವ ಕಾಯಿಲೆ ಎಂಬುದು ಹೊಸ ಹೆಸರಿನ ಅರ್ಥ. ವರದಿಯಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ, ಎರಡೂ ಬಹುತೇಕ ಒಂದೇ.

ಕಾಯಿಲೆ ಹಂತ ಹಂತವಾಗಿ ಬೆಳೆಯುತ್ತದೆ. ಮೊದಲು ಕೊಬ್ಬು ಸೇರುತ್ತದೆ. ಕೆಲವರಲ್ಲಿ ಅದರ ಜತೆಗೆ ಉರಿಯೂತ ಶುರುವಾಗುತ್ತದೆ. ಉರಿಯೂತ ವರ್ಷಗಟ್ಟಲೆ ಮುಂದುವರಿದರೆ ಲಿವರ್‌ನಲ್ಲಿ ಗಾಯದ ಕಲೆಯಂತಹ ನಾರು ಬೆಳೆಯುತ್ತದೆ, ಇದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ಕೊನೆಯ ಹಂತ ಸಿರೋಸಿಸ್. ಅಲ್ಲಿಂದ ಲಿವರ್ ವೈಫಲ್ಯ, ಕ್ಯಾನ್ಸರ್‌ನ ಅಪಾಯವೂ ಇರುತ್ತದೆ. ಎಲ್ಲರಿಗೂ ಕಾಯಿಲೆ ಕೊನೆಯ ಹಂತಕ್ಕೆ ಹೋಗುವುದಿಲ್ಲ. ಆದರೆ ಯಾರಿಗೆ ಹೋಗುತ್ತದೆ ಎಂಬುದು ಹೊರನೋಟಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ಆರಂಭದಲ್ಲಿ ನೋವು ಸೇರಿದಂತೆ ಯಾವ ಲಕ್ಷಣವೂ ಕಾಣಿಸದಿರಬಹುದು. ಸಮಾಧಾನದ ಸಂಗತಿ ಎಂದರೆ, ಮೊದಲ ಹಂತಗಳಲ್ಲಿ ಇದನ್ನು ಹಿಂದಕ್ಕೆ ತಿರುಗಿಸಬಹುದು.

ಭಾರತದಲ್ಲಿ ಎಷ್ಟು ಜನರಿಗಿದೆ?

ದೆಹಲಿಯ ಏಮ್ಸ್ ತಜ್ಞರು ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಯಸ್ಕರಲ್ಲಿ ಶೇ 38ರಷ್ಟು, ಮಕ್ಕಳಲ್ಲಿ ಶೇ 35ರಷ್ಟು ಜನರಲ್ಲಿ ಫ್ಯಾಟಿ ಲಿವರ್ ಕಂಡುಬಂದಿದೆ. ಅಂದರೆ ಹೆಚ್ಚುಕಡಿಮೆ ಪ್ರತಿ ಮೂವರಲ್ಲಿ ಒಬ್ಬರು. 2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ಸಾಂಕ್ರಾಮಿಕವಲ್ಲದ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಹೆಚ್ಚು ಮಾಂಸ ತಿನ್ನುವ ಹಲವು ದೇಶಗಳಿಗೆ ಹೋಲಿಸಿದರೆ ಭಾರತೀಯರ ತಟ್ಟೆಯಲ್ಲಿ ಮಾಂಸ ಬಹಳ ಕಡಿಮೆ. ಹಾಗಿದ್ದರೂ ಈ ಪ್ರಮಾಣದಲ್ಲಿ ಫ್ಯಾಟಿ ಲಿವರ್ ಇದೆ ಎಂದರೆ, ಸಮಸ್ಯೆಯ ಬೇರು ಮಾಂಸದಲ್ಲಿ ಮಾತ್ರ ಇಲ್ಲ ಎಂದಾಯಿತು.

ಲಿವರ್‌ಗೆ ಕೊಬ್ಬು ಎಲ್ಲಿಂದ ಬರುತ್ತದೆ?

ಎಣ್ಣೆ, ತುಪ್ಪ ತಿಂದರೆ ಅದೇ ಹೋಗಿ ಲಿವರ್‌ನಲ್ಲಿ ಕೂರುತ್ತದೆ ಎಂದು ಬಹಳಷ್ಟು ಜನ ಅಂದುಕೊಂಡಿದ್ದಾರೆ. ವಾಸ್ತವ ಸ್ವಲ್ಪ ಬೇರೆ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಸಣ್ಣ ಆದರೆ ಮಹತ್ವದ ಅಧ್ಯಯನವೊಂದು ಫ್ಯಾಟಿ ಲಿವರ್ ರೋಗಿಗಳ ಲಿವರ್‌ನಲ್ಲಿದ್ದ ಕೊಬ್ಬಿನ ಮೂಲವನ್ನು ಪತ್ತೆ ಹಚ್ಚಿತು. ಸುಮಾರು ಶೇ 59ರಷ್ಟು ಕೊಬ್ಬು ದೇಹದ ಕೊಬ್ಬಿನ ಅಂಗಾಂಶದಿಂದ, ಅಂದರೆ ಮುಖ್ಯವಾಗಿ ಈಗಾಗಲೇ ಇರುವ ಬೊಜ್ಜಿನಿಂದ ಬಂದಿತ್ತು. ಶೇ 26ರಷ್ಟನ್ನು ಲಿವರ್ ತಾನೇ ತಯಾರಿಸಿತ್ತು, ಇದಕ್ಕೆ ಮುಖ್ಯ ಕಚ್ಚಾವಸ್ತು ಸಕ್ಕರೆ ಮತ್ತು ಪಿಷ್ಟ. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ 15ರಷ್ಟು ಮಾತ್ರ.

ಸಸ್ಯಾಹಾರಿಗಳು ಎಡವುವುದು ಇಲ್ಲೇ. ಬಿಳಿ ಅನ್ನ, ಮೈದಾ, ಸಬ್ಬಕ್ಕಿ, ಸಕ್ಕರೆ, ಬೆಲ್ಲ ಎಲ್ಲವೂ ಗಿಡದಿಂದಲೇ ಬಂದವು. ಅಗತ್ಯಕ್ಕಿಂತ ಹೆಚ್ಚಾದಾಗ ಲಿವರ್ ಅವನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಇದರ ಬಹುಪಾಲನ್ನು ಅರಗಿಸುವ ಹೊಣೆ ಲಿವರ್‌ನದು, ಹೀಗಾಗಿ ಸಿಹಿ ಪಾನೀಯಗಳು ಲಿವರ್‌ಗೆ ವಿಶೇಷವಾಗಿ ಹೊರೆ.

ಅಮೆರಿಕದ ಹಾರ್ವರ್ಡ್ ಸಂಶೋಧಕರು ಸಸ್ಯಾಧಾರಿತ ಆಹಾರವನ್ನು ‘ಆರೋಗ್ಯಕರ’ ಮತ್ತು ‘ಅನಾರೋಗ್ಯಕರ’ ಎಂದು ಎರಡಾಗಿ ವಿಂಗಡಿಸಿ ಅಳೆಯುವ ಸೂಚ್ಯಂಕ ರೂಪಿಸಿದ್ದೂ ಈ ಕಾರಣಕ್ಕೇ. ಇಡೀ ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣು, ಬೀಜಗಳು ಮೊದಲ ಗುಂಪಿನಲ್ಲಿ. ಸಂಸ್ಕರಿಸಿದ ಧಾನ್ಯ, ಸಿಹಿತಿಂಡಿ, ಸಿಹಿ ಪಾನೀಯ, ಆಲೂಗಡ್ಡೆ ಎರಡನೆಯದರಲ್ಲಿ. ಮೊದಲ ಗುಂಪನ್ನು ಹೆಚ್ಚು ತಿಂದವರಲ್ಲಿ ಮಧುಮೇಹ, ಹೃದ್ರೋಗದ ಅಪಾಯ ಕಡಿಮೆ ಇತ್ತು. ಎರಡನೆಯದನ್ನೇ ನೆಚ್ಚಿಕೊಂಡವರಲ್ಲಿ ಅಪಾಯ ಹೆಚ್ಚಿತ್ತು.

ಪೈಠಣದ ಮೊದಲ ತಟ್ಟೆ: ಭಾಕ್ರಿ, ಕಾಳು, ಸೊಪ್ಪು

ಪೈಠಣ ಇರುವ ಮರಾಠವಾಡ ಒಣ ಪ್ರದೇಶ. ಇಲ್ಲಿನ ಹಳೆಯ ಊಟ ಜೋಳ ಅಥವಾ ಸಜ್ಜೆಯ ಭಾಕ್ರಿ, ಕಡಲೆಹಿಟ್ಟಿನ ಪಿಠಲೆ, ಮಡಕಿ ಕಾಳಿನ ಉಸಳ, ತೊಗರಿಬೇಳೆ, ಅಂಬಾಡಿ, ಮೆಂತ್ಯ ಅಥವಾ ಸಬ್ಬಸಿಗೆ ಸೊಪ್ಪು, ಪಕ್ಕದಲ್ಲಿ ಹಸಿ ಈರುಳ್ಳಿ, ಶೇಂಗಾ ಚಟ್ನಿ. ಕಲಬುರಗಿ, ವಿಜಯಪುರ, ಬಾಗಲಕೋಟೆಯವರಿಗೆ ಇದು ತಮ್ಮದೇ ಮನೆಯ ಊಟ. ಅಂಬಾಡಿ ಎಂದರೆ ನಮ್ಮ ಪುಂಡಿ ಸೊಪ್ಪು, ಭಾಕ್ರಿ ಎಂದರೆ ರೊಟ್ಟಿ.

ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆ ಪಟ್ಟಿಯ ಪ್ರಕಾರ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಸಜ್ಜೆ, ರಾಗಿಯಲ್ಲಿ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಬಿಳಿ ಅಕ್ಕಿ ಮತ್ತು ಮೈದಾದಲ್ಲಿ 3 ಗ್ರಾಂಗಿಂತಲೂ ಕಡಿಮೆ. ನಾರು ಹೆಚ್ಚಿದ್ದಾಗ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಇನ್ಸುಲಿನ್ ಏರಿಳಿತ ಕಡಿಮೆಯಾಗುತ್ತದೆ. ಜತೆಗೆ ಕಾಳಿನ ಪ್ರೋಟೀನ್ ಸಿಕ್ಕರೆ ಹಸಿವು ಹಿಡಿತದಲ್ಲಿರುತ್ತದೆ.

ಎರಡನೇ ತಟ್ಟೆ: ಉಪವಾಸದ ಹೆಸರಲ್ಲಿ ಪಿಷ್ಟ, ಹಬ್ಬದ ಹೆಸರಲ್ಲಿ ಸಿಹಿ

ಮರಾಠಿಯಲ್ಲಿ ಒಂದು ಗಾದೆ ಇದೆ: ‘ಏಕಾದಶೀ, ದುಪ್ಪಟ್ ಖಾಶೀ’. ಏಕಾದಶಿಯ ದಿನ ಎರಡರಷ್ಟು ತಿನ್ನುವುದು ಎಂದು ಅರ್ಥ. ಉಪವಾಸದ ಹೆಸರಲ್ಲಿ ಏನಾಗುತ್ತದೆ ಎಂಬುದನ್ನು ಜನರೇ ತಮಾಷೆಯಾಗಿ ಹೇಳಿಕೊಂಡ ಮಾತಿದು.

ಉಪವಾಸದ ಪ್ರಮುಖ ತಿನಿಸು ಸಬ್ಬಕ್ಕಿ ಖಿಚಡಿ ಮತ್ತು ವಡೆ. ಸಬ್ಬಕ್ಕಿ ಧಾನ್ಯವಲ್ಲ, ಮರಗೆಣಸಿನಿಂದ ತೆಗೆದ ಬಹುತೇಕ ಶುದ್ಧ ಪಿಷ್ಟ. 100 ಗ್ರಾಂನಲ್ಲಿ ಪ್ರೋಟೀನ್ 1 ಗ್ರಾಂ ಕೂಡ ಇರುವುದಿಲ್ಲ, ನಾರಿನಂಶವೂ ಅತ್ಯಲ್ಪ. ಅದಕ್ಕೆ ಆಲೂಗಡ್ಡೆ, ಧಾರಾಳ ತುಪ್ಪ ಸೇರಿದರೆ ಒಂದು ತಟ್ಟೆ ‘ಉಪವಾಸ’ ಮಾಮೂಲಿ ಊಟಕ್ಕಿಂತ ಭಾರವಾಗುತ್ತದೆ. ಖಿಚಡಿಯಲ್ಲಿರುವ ಶೇಂಗಾ ಪುಡಿ ಮಾತ್ರ ಸ್ವಲ್ಪ ಪ್ರೋಟೀನ್ ಕೊಡುತ್ತದೆ.

ಹಬ್ಬಕ್ಕೆ ಹೋಳಿಗೆ, ಶ್ರೀಖಂಡ, ಜಿಲೇಬಿ. ದಿನವೂ ಸಿಹಿ ಚಹಾ, ಅದರ ಜತೆ ಬಿಸ್ಕತ್ತು, ಸಂಜೆಗೆ ವಡಾ ಪಾವ್ ಅಥವಾ ಭಜಿ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಲ್ಲಿ ಹೆಸರು ಮಾತ್ರ ಬೇರೆ: ಕೇಸರಿಬಾತ್, ಮೈಸೂರು ಪಾಕ್, ಪೂರಿ, ಬೋಂಡಾ, ಮದ್ದೂರು ವಡೆ, ಮೂರು ಹೊತ್ತೂ ಬಿಳಿ ಅನ್ನ. ಮಾಂಸದ ಒಂದು ತುಣುಕೂ ಇಲ್ಲದೆ ಲಿವರ್‌ನಲ್ಲಿ ಕೊಬ್ಬು ಸೇರಲು ಇಷ್ಟು ಸಾಕು.

ಹಣ್ಣಿನ ವಿಷಯದಲ್ಲೂ ಎಚ್ಚರ ಬೇಕು. ಪೈಠಣ ಸುತ್ತಮುತ್ತ ಮೋಸಂಬಿ ತೋಟಗಳು ಸಾಕಷ್ಟಿವೆ. ಮೋಸಂಬಿಯನ್ನು ಸುಲಿದು ತೊಳೆ ತಿಂದರೆ ನಾರು ಸಹಿತ ಹಣ್ಣು. ನಾಲ್ಕು ಹಣ್ಣು ಹಿಂಡಿ, ಸೋಸಿ, ಸಕ್ಕರೆ ಬೆರೆಸಿ ಕುಡಿದರೆ ಅದು ಸಕ್ಕರೆ ನೀರು. ಹಣ್ಣು ಒಂದೇ, ಲಿವರ್ ಮೇಲಿನ ಪರಿಣಾಮ ಬೇರೆ.

ಸಸ್ಯಾಧಾರಿತ ಆಹಾರದಿಂದ ಲಿವರ್ ಕೊಬ್ಬು ಕರಗುತ್ತದೆಯೇ? ಅಧ್ಯಯನ ಹೇಳುವುದೇನು?

ಇಸ್ರೇಲ್‌ನಲ್ಲಿ ನಡೆದ ‘ಡೈರೆಕ್ಟ್ ಪ್ಲಸ್’ ಎಂಬ ಅಧ್ಯಯನದಲ್ಲಿ 294 ಮಂದಿಯನ್ನು ಮೂರು ಗುಂಪು ಮಾಡಿ 18 ತಿಂಗಳು ಗಮನಿಸಲಾಯಿತು. ಎಲ್ಲರಿಗೂ ವ್ಯಾಯಾಮದ ಮಾರ್ಗದರ್ಶನವಿತ್ತು. ಒಂದು ಗುಂಪಿಗೆ ಸಾಮಾನ್ಯ ಆರೋಗ್ಯಕರ ಆಹಾರದ ಸಲಹೆ, ಎರಡನೆಯದಕ್ಕೆ ಅಕ್ರೋಟು ಸಹಿತ ಮೆಡಿಟರೇನಿಯನ್ ಆಹಾರ, ಮೂರನೆಯದಕ್ಕೆ ಕೆಂಪು ಮಾಂಸ ಇನ್ನಷ್ಟು ತಗ್ಗಿಸಿ ಗ್ರೀನ್ ಟೀ, ಮಂಕಾಯಿ ಎಂಬ ಜಲಸಸ್ಯ ಸೇರಿಸಿದ ‘ಹಸಿರು ಮೆಡಿಟರೇನಿಯನ್’ ಆಹಾರ.

2021ರಲ್ಲಿ ‘ಗಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹ. ಲಿವರ್ ಕೊಬ್ಬು ಮೊದಲ ಗುಂಪಿನಲ್ಲಿ ಸುಮಾರು ಶೇ 12, ಎರಡನೆಯದರಲ್ಲಿ ಶೇ 20, ಹಸಿರು ಗುಂಪಿನಲ್ಲಿ ಶೇ 39ರಷ್ಟು ಇಳಿದಿತ್ತು. ಎರಡೂ ಮೆಡಿಟರೇನಿಯನ್ ಗುಂಪುಗಳಲ್ಲಿ ತೂಕ ಇಳಿಕೆ ಹೆಚ್ಚುಕಡಿಮೆ ಒಂದೇ ಇದ್ದರೂ ಹಸಿರು ಗುಂಪಿನ ಲಿವರ್ ಹೆಚ್ಚು ಸುಧಾರಿಸಿತ್ತು.

ಹಾಗೆಂದು ಸಸ್ಯಾಹಾರವೊಂದೇ ಮಂತ್ರದಂಡ ಎನ್ನುವಂತಿಲ್ಲ. ಜರ್ಮನಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 37 ಮಧುಮೇಹಿಗಳಿಗೆ ಆರು ವಾರ ಹೆಚ್ಚು ಪ್ರೋಟೀನ್ ಇರುವ ಆಹಾರ ಕೊಡಲಾಯಿತು. ಒಂದು ಗುಂಪಿಗೆ ಪ್ರಾಣಿಮೂಲದ ಪ್ರೋಟೀನ್, ಇನ್ನೊಂದಕ್ಕೆ ಸಸ್ಯಮೂಲದ್ದು. ಎರಡರಲ್ಲೂ ಲಿವರ್ ಕೊಬ್ಬು ಶೇ 36ರಿಂದ 48ರಷ್ಟು ಇಳಿಯಿತು. ಅಂದರೆ ಮೊಟ್ಟೆ, ಮೀನು ತಿನ್ನುವವರು ಕಡ್ಡಾಯವಾಗಿ ಅದನ್ನು ಬಿಡಲೇಬೇಕು ಎಂದೇನಿಲ್ಲ. ಆದರೆ ಸಸ್ಯಾಹಾರಿಗಳು ಸಾಕಷ್ಟು ಪ್ರೋಟೀನ್ ಪಡೆಯಲೇಬೇಕು. ಭಾರತೀಯ ಸಸ್ಯಾಹಾರದ ದೊಡ್ಡ ಕೊರತೆ ಇದೇ.

ದಿನಕ್ಕೆ ಎಷ್ಟು ತಿನ್ನಬೇಕು? ತಟ್ಟೆಯ ಲೆಕ್ಕ ಇಲ್ಲಿದೆ

ಐಸಿಎಂಆರ್-ಎನ್‌ಐಎನ್ 2024ರಲ್ಲಿ ಹೊರತಂದ ಭಾರತೀಯರ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಮಾದರಿ ತಟ್ಟೆ ಇದೆ. ಬೇಯಿಸುವ ಮೊದಲಿನ ತೂಕದಲ್ಲಿ ಅದರ ಲೆಕ್ಕ ಹೀಗಿದೆ:

- ತರಕಾರಿ ಮತ್ತು ಸೊಪ್ಪು: 400 ಗ್ರಾಂ
- ಹಣ್ಣು: 100 ಗ್ರಾಂ
- ಧಾನ್ಯ ಮತ್ತು ಸಿರಿಧಾನ್ಯ: 250 ಗ್ರಾಂ
- ಬೇಳೆಕಾಳು (ಅಥವಾ ಮೊಟ್ಟೆ, ಮಾಂಸ): 85 ಗ್ರಾಂ
- ಹಾಲು ಅಥವಾ ಮೊಸರು: 300 ಮಿಲಿಲೀಟರ್
- ಬೀಜಗಳು: 35 ಗ್ರಾಂ
- ಎಣ್ಣೆ, ತುಪ್ಪ: 27 ಗ್ರಾಂ

ರೊಟ್ಟಿ, ಅನ್ನ, ಅವಲಕ್ಕಿ, ಉಪ್ಪಿಟ್ಟು, ದೋಸೆಯ ಅಕ್ಕಿ ಎಲ್ಲವೂ ಸೇರಿ ಧಾನ್ಯ 250 ಗ್ರಾಂ ಎಂಬುದನ್ನು ಮರೆಯಬಾರದು. ತೂಕ ಇಳಿಸಬೇಕಾದವರಿಗೆ ಇದು ಇನ್ನೂ ಕಡಿಮೆಯಾಗಬೇಕಾಗುತ್ತದೆ. ಎಣ್ಣೆಯ ಲೆಕ್ಕ ಸುಲಭ. ದಿನಕ್ಕೆ 27 ಗ್ರಾಂ ಎಂದರೆ ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ತುಪ್ಪವೂ ಸೇರಿ ಸುಮಾರು ಮೂರೂವರೆ ಲೀಟರ್. ನಿಮ್ಮ ಮನೆಯ ಎಣ್ಣೆ ಪ್ಯಾಕೆಟ್‌ಗಳನ್ನು ಒಂದು ತಿಂಗಳು ಎಣಿಸಿ ನೋಡಿ.

ಸಕ್ಕರೆಯ ಲೆಕ್ಕ ಇನ್ನೂ ಬೆಚ್ಚಿಬೀಳಿಸುತ್ತದೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಮೀರಬಾರದು. ಒಂದು ಟೀ ಚಮಚದಲ್ಲಿ ಸುಮಾರು 5 ಗ್ರಾಂ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ನಾಲ್ಕು ಸಲ ಕುಡಿದರೆ 40 ಗ್ರಾಂ ಆಯಿತು. ಬಿಸ್ಕತ್ತು, ಸಿಹಿಯ ಲೆಕ್ಕ ಇನ್ನೂ ಬಾಕಿಯೇ ಇದೆ.

ಲಿವರ್‌ಗೆ ಹಿತವಾದ ಸಸ್ಯಾಹಾರ ಯಾವುದು?

ಬೇಳೆಕಾಳು: ಪ್ರತಿ ಊಟದಲ್ಲೂ ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳು ಇರಲಿ. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆ ಲೆಕ್ಕಕ್ಕಿಲ್ಲ. ಹುರುಳಿ, ಹೆಸರುಕಾಳು, ಮಡಕಿ, ಅಲಸಂದೆ, ಕಡಲೆ, ಸೋಯಾ ಎಲ್ಲವೂ ಒಳ್ಳೆಯದು. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 21 ಗ್ರಾಂ ಪ್ರೋಟೀನ್ ಇದೆ.

ಇಡೀ ಧಾನ್ಯ: ಜೋಳ, ಸಜ್ಜೆ, ರಾಗಿ, ನವಣೆ, ಇಡೀ ಗೋಧಿ. ಆದರೆ ಸಿರಿಧಾನ್ಯ ಎಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಎಂದಲ್ಲ. ಜೋಳದಲ್ಲೂ ಕ್ಯಾಲರಿ ಇದೆ. ರಾಗಿ ಬಿಸ್ಕತ್ತು, ಸಿರಿಧಾನ್ಯದ ಲಡ್ಡು ಆರೋಗ್ಯ ಆಹಾರವಲ್ಲ, ಅವು ಸಿಹಿತಿಂಡಿಗಳೇ.

ತರಕಾರಿ, ಸೊಪ್ಪು: ತಟ್ಟೆಯ ಅರ್ಧ ಭಾಗ ಇವಕ್ಕೆ ಮೀಸಲಿಡಿ. ಆಲೂಗಡ್ಡೆ, ಮರಗೆಣಸನ್ನು ತರಕಾರಿಯ ಬದಲು ಅನ್ನದ ಲೆಕ್ಕಕ್ಕೆ ಸೇರಿಸಿ.

ಬೀಜಗಳು: ಅಕ್ರೋಟು ದುಬಾರಿ ಎನಿಸಿದರೆ ಚಿಂತೆ ಬೇಡ. ಶೇಂಗಾ, ಅಗಸೆ, ಗುರೆಳ್ಳು, ಎಳ್ಳಿನ ಚಟ್ನಿ ಪುಡಿ ನಮ್ಮಲ್ಲೇ ಇವೆ. ಅಗಸೆಯಲ್ಲಿ ಸಸ್ಯಮೂಲದ ಒಮೆಗಾ-3 ಕೊಬ್ಬಿನಾಮ್ಲ ಇದೆ. ಪ್ರಮಾಣ ಮಾತ್ರ ಒಂದು ಹಿಡಿ.

ಮೊಸರು, ಮಜ್ಜಿಗೆ: ಸಕ್ಕರೆ ಹಾಕದ, ಕೆನೆ ತೆಗೆದ ಹಾಲಿನ ಮೊಸರು ಸೂಕ್ತ. ಬೆಲ್ಲ, ಸಕ್ಕರೆ ಬೆರೆಸಿದ ಲಸ್ಸಿ ಬೇಡ.

ಕಾಫಿ: ನಿಯಮಿತವಾಗಿ ಕಾಫಿ ಕುಡಿಯುವವರಲ್ಲಿ ಲಿವರ್ ಫೈಬ್ರೋಸಿಸ್ ಕಡಿಮೆ ಇರುವುದನ್ನು ಹಲವು ಅಧ್ಯಯನಗಳು ಗಮನಿಸಿವೆ. ಆದರೆ ಇದು ಸಕ್ಕರೆ ಇಲ್ಲದ ಕಾಫಿಯ ಮಾತು. ಅಸಿಡಿಟಿ, ನಿದ್ರಾಹೀನತೆ ಇರುವವರು ಇದಕ್ಕಾಗಿ ಹೊಸದಾಗಿ ಅಭ್ಯಾಸ ಮಾಡಿಕೊಳ್ಳುವ ಅಗತ್ಯವಿಲ್ಲ.

ಯಾವುದನ್ನು ಕಡಿಮೆ ಮಾಡಬೇಕು?

- ಸಾಫ್ಟ್ ಡ್ರಿಂಕ್, ಪ್ಯಾಕೆಟ್ ಜ್ಯೂಸ್, ಸಕ್ಕರೆ ಬೆರೆಸಿದ ಹಣ್ಣಿನ ರಸ
- ಚಹಾ, ಕಾಫಿಯ ಸಕ್ಕರೆ. ಬೆಲ್ಲ, ಜೇನುತುಪ್ಪವೂ ಲಿವರ್‌ಗೆ ಸಕ್ಕರೆಯೇ
- ಮೈದಾದ ಬ್ರೆಡ್, ಪಾವ್, ಪರೋಟ, ಬೇಕರಿ ತಿಂಡಿ
- ವನಸ್ಪತಿ ಮತ್ತು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕರಿದ ತಿಂಡಿ
- ಚಿಪ್ಸ್, ನೂಡಲ್ಸ್, ಪ್ಯಾಕೆಟ್ ಕುರುಕಲು
- ಮದ್ಯ. ಫ್ಯಾಟಿ ಲಿವರ್ ಇರುವವರು ಪೂರ್ತಿ ಬಿಡುವುದೇ ಸುರಕ್ಷಿತ

ಉಪವಾಸ ಮಾಡುವವರು ಏನು ಮಾಡಬೇಕು?

ಶ್ರದ್ಧೆ ಬಿಡಬೇಕಿಲ್ಲ, ತಟ್ಟೆ ಬದಲಿಸಿದರೆ ಸಾಕು. ಮಹಾರಾಷ್ಟ್ರದಲ್ಲಿ ಉಪವಾಸಕ್ಕೆ ಒಪ್ಪಿತವಾದ ಪದಾರ್ಥಗಳಲ್ಲೇ ಉತ್ತಮ ಆಯ್ಕೆಗಳಿವೆ. ಸಬ್ಬಕ್ಕಿಯ ಬದಲು ‘ಭಗರ್’ ಅಥವಾ ‘ವರೀ’ ಎನ್ನುವ ಸಿರಿಧಾನ್ಯದ ಅನ್ನ, ರಾಜಗಿರಿ ಹಿಟ್ಟಿನ ರೊಟ್ಟಿ, ಶೇಂಗಾ ಆಮಟಿ, ಸೌತೆಕಾಯಿ ಕೋಸಂಬರಿ, ಮೊಸರು, ಇಡೀ ಹಣ್ಣು. ಸಬ್ಬಕ್ಕಿ ತಿನ್ನಲೇಬೇಕೆಂದರೆ ಸಣ್ಣ ಬಟ್ಟಲು, ಆಲೂಗಡ್ಡೆ ಇಲ್ಲದೆ, ಶೇಂಗಾ ಹೆಚ್ಚಿಗೆ ಹಾಕಿ, ವಡೆಯಾಗಿ ಕರಿಯದೆ.

ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ರಕ್ತದ ಸಕ್ಕರೆ ಒಮ್ಮೆಲೇ ಕುಸಿಯುವ ಅಪಾಯವಿದೆ.

ಒಂದು ದಿನದ ಮಾದರಿ ಊಟ

- ಬೆಳಗ್ಗೆ: ಮೊಳಕೆ ಹೆಸರುಕಾಳು ಸೇರಿಸಿದ ತರಕಾರಿ ಅವಲಕ್ಕಿ, ಅಥವಾ ಎರಡು ಹೆಸರುಬೇಳೆ ದೋಸೆ (ಪೆಸರಟ್ಟು). ಸಕ್ಕರೆ ಇಲ್ಲದ ಕಾಫಿ ಅಥವಾ ಚಹಾ.
- ಮಧ್ಯಾಹ್ನ: ಎರಡು ಜೋಳದ ರೊಟ್ಟಿ ಅಥವಾ ಒಂದು ರಾಗಿ ಮುದ್ದೆ, ಒಂದು ಬಟ್ಟಲು ಕಾಳು ಪಲ್ಯ, ಪುಂಡಿ ಅಥವಾ ಮೆಂತ್ಯ ಸೊಪ್ಪು, ಹಸಿ ತರಕಾರಿ, ಮಜ್ಜಿಗೆ.
- ಸಂಜೆ: ಒಂದು ಹಿಡಿ ಹುರಿದ ಕಡಲೆ ಅಥವಾ ಶೇಂಗಾ, ಒಂದು ಇಡೀ ಹಣ್ಣು.
- ರಾತ್ರಿ: ಒಂದು ರೊಟ್ಟಿ ಅಥವಾ ಸಣ್ಣ ಬಟ್ಟಲು ಅನ್ನ, ಗಟ್ಟಿ ಬೇಳೆ, ತರಕಾರಿ ಪಲ್ಯ. ಮಲಗುವ ಎರಡು-ಮೂರು ಗಂಟೆ ಮೊದಲೇ ಊಟ ಮುಗಿಯಲಿ.

ಎಷ್ಟು ತೂಕ ಇಳಿದರೆ ಲಿವರ್ ಸುಧಾರಿಸುತ್ತದೆ?

ಫ್ಯಾಟಿ ಲಿವರ್ ಚಿಕಿತ್ಸೆಯಲ್ಲಿ ಅತ್ಯಂತ ದೃಢವಾದ ಆಧಾರವಿರುವುದು ತೂಕ ಇಳಿಕೆಗೆ. ದೇಹದ ತೂಕದ ಶೇ 5ರಷ್ಟು ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ಶೇ 7ರಿಂದ 10ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ. ಶೇ 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಹಲವರಲ್ಲಿ ಫೈಬ್ರೋಸಿಸ್ ಕೂಡ ಸುಧಾರಿಸಬಹುದು. 80 ಕೆಜಿ ತೂಗುವವರಿಗೆ ಇದು ಕ್ರಮವಾಗಿ 4 ಕೆಜಿ, 5.6ರಿಂದ 8 ಕೆಜಿ, 8 ಕೆಜಿಗಿಂತ ಹೆಚ್ಚು. ತಿಂಗಳಿಗೆ ಎರಡರಿಂದ ನಾಲ್ಕು ಕೆಜಿಯ ನಿಧಾನ ಇಳಿಕೆ ಸಾಕು. ಕಠಿಣ ಉಪವಾಸದಿಂದ ಗಡಿಬಿಡಿಯಲ್ಲಿ ತೂಕ ಇಳಿಸುವುದು ಲಿವರ್‌ಗೂ ಪಿತ್ತಕೋಶಕ್ಕೂ ಒಳ್ಳೆಯದಲ್ಲ.

ನೋಡಲು ತೆಳ್ಳಗಿರುವವರಿಗೂ ಫ್ಯಾಟಿ ಲಿವರ್ ಬರುತ್ತದೆ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಹಾಗಾಗಿ ತಕ್ಕಡಿಯ ಜತೆ ಟೇಪನ್ನೂ ನೋಡಿ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚೆತ್ತುಕೊಳ್ಳಬೇಕು.

ಆಹಾರದ ಜತೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಅಥವಾ ಅಂತಹ ವ್ಯಾಯಾಮ ಬೇಕು. ತೂಕ ಅಷ್ಟಾಗಿ ಇಳಿಯದಿದ್ದರೂ ವ್ಯಾಯಾಮದಿಂದ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. ವಾರಕರಿಗಳು ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆಯುತ್ತಾರೆ. ಲಿವರ್ ಕೇಳುವುದು ವರ್ಷವಿಡೀ ದಿನಕ್ಕೆ ಅರ್ಧ ಗಂಟೆಯ ಪುಟ್ಟ ವಾರಿ.

ಸಸ್ಯಾಹಾರಿಗಳು ಗಮನಿಸಬೇಕಾದ ಅಪಾಯಗಳು

ವಿಟಮಿನ್ ಬಿ12: ಇದು ಸಸ್ಯಾಹಾರದಲ್ಲಿ ಸಿಗುವುದು ಹಾಲು, ಮೊಸರಿನಿಂದ ಮಾತ್ರ ಎನ್ನಬಹುದು. ಹಾಲನ್ನೂ ಬಿಟ್ಟು ಪೂರ್ಣ ವೀಗನ್ ಆಗುವವರು ವೈದ್ಯರ ಸಲಹೆಯಂತೆ ಬಿ12 ತೆಗೆದುಕೊಳ್ಳಲೇಬೇಕು. ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುವವರಲ್ಲಿ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು.

‘ಲಿವರ್ ಡಿಟಾಕ್ಸ್’ ಪುಡಿ, ಕಷಾಯ: ಗಿಡಮೂಲಿಕೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರವನ್ನು ಮಾತ್ರೆ ರೂಪದಲ್ಲಿ ನುಂಗುವುದು ಬೇರೆ. ಇಂತಹ ಮಾತ್ರೆಗಳಿಂದ ಲಿವರ್‌ಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡುಬಂದಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಅದು ಅಮೃತಬಳ್ಳಿಯನ್ನೇ ಹೋಲುವ ಬೇರೆ ಗಿಡವಿರಬಹುದು ಎಂದು ಆಯುಷ್ ಸಚಿವಾಲಯ ಪ್ರತಿಕ್ರಿಯಿಸಿತ್ತು. ಎರಡೂ ಮಾತಿನ ಸಾರ ಒಂದೇ: ಏನು ಕುಡಿಯುತ್ತಿದ್ದೀರಿ ಎಂಬುದು ವೈದ್ಯರಿಗೆ ಗೊತ್ತಿರಲಿ.

ಸಿರೋಸಿಸ್ ಇರುವವರು: ಕಾಯಿಲೆ ಸಿರೋಸಿಸ್ ಹಂತ ತಲುಪಿದ್ದರೆ ಮೇಲಿನ ತೂಕ ಇಳಿಕೆಯ ಸಲಹೆ ಹಾಗೆಯೇ ಅನ್ವಯವಾಗುವುದಿಲ್ಲ. ‘ಲಿವರ್ ಕಾಯಿಲೆ ಇದೆ, ಬೇಳೆ ಬೇಡ’ ಎಂದು ಪಥ್ಯ ಮಾಡುವುದು ಇಲ್ಲಿ ದೊಡ್ಡ ತಪ್ಪು. ಅವರಿಗೆ ದಿನಕ್ಕೆ ದೇಹದ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಾಗುತ್ತದೆ. ದೀರ್ಘ ಉಪವಾಸ ಬೇಡ, ರಾತ್ರಿ ಮಲಗುವ ಮುನ್ನ ಲಘು ಆಹಾರ ಬೇಕು. ಕಿಡ್ನಿ ಕಾಯಿಲೆಯೂ ಇದ್ದರೆ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಯಾವ ಪರೀಕ್ಷೆ ಮಾಡಿಸಬೇಕು?

ರಕ್ತದ ಲಿವರ್ ಪರೀಕ್ಷೆ (ಎಲ್‌ಎಫ್‌ಟಿ) ನಾರ್ಮಲ್ ಬಂದರೂ ಫ್ಯಾಟಿ ಲಿವರ್ ಇರಬಹುದು. ಕೊಬ್ಬು ತೀರಾ ಕಡಿಮೆ ಇದ್ದರೆ ಅಲ್ಟ್ರಾಸೌಂಡ್‌ಗೂ ತಪ್ಪಿಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಅಲ್ಟ್ರಾಸೌಂಡ್‌ನ ‘ಗ್ರೇಡ್’ ಕೊಬ್ಬಿನ ಪ್ರಮಾಣವನ್ನಷ್ಟೇ ಹೇಳುತ್ತದೆ, ಫೈಬ್ರೋಸಿಸ್ ಎಷ್ಟಿದೆ ಎಂದು ಹೇಳುವುದಿಲ್ಲ. ಗ್ರೇಡ್ 1 ಎಂದು ನಿರ್ಲಕ್ಷಿಸುವುದೂ, ಗ್ರೇಡ್ 3 ಎಂದು ಕಂಗಾಲಾಗುವುದೂ ಎರಡೂ ಸರಿಯಲ್ಲ.

ಫೈಬ್ರೋಸಿಸ್ ಅಂದಾಜಿಗೆ ‘ಫಿಬ್-4’ ಎಂಬ ಸರಳ ಲೆಕ್ಕವಿದೆ. ವಯಸ್ಸು, ಎಎಸ್‌ಟಿ, ಎಎಲ್‌ಟಿ ಮತ್ತು ಪ್ಲೇಟ್‌ಲೆಟ್ ಸಂಖ್ಯೆ ಇದ್ದರೆ ಸಾಕು. ಫಲಿತಾಂಶ 1.3ಕ್ಕಿಂತ ಕಡಿಮೆ ಇದ್ದರೆ ಗಂಭೀರ ಫೈಬ್ರೋಸಿಸ್ ಸಾಧ್ಯತೆ ಕಡಿಮೆ. ಹೆಚ್ಚಿದ್ದರೆ ವೈದ್ಯರು ಫೈಬ್ರೋಸ್ಕ್ಯಾನ್ ಸೂಚಿಸಬಹುದು. 65 ದಾಟಿದವರಿಗೆ ಈ ಮಿತಿ ಬೇರೆ. ಮಧುಮೇಹ, ಬೊಜ್ಜು ಇರುವವರು ಲಕ್ಷಣಕ್ಕಾಗಿ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಕಣ್ಣು ಹಳದಿಯಾಗುವುದು, ಹೊಟ್ಟೆ ಊದಿಕೊಳ್ಳುವುದು, ಕಪ್ಪು ಮಲ, ರಕ್ತ ವಾಂತಿ, ಗೊಂದಲದ ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಔಷಧ ಇಲ್ಲವೇ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರಾಮ್ ಎಂಬ ಔಷಧಕ್ಕೆ, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್‌ಗೆ ಒಪ್ಪಿಗೆ ನೀಡಿದೆ. ಎರಡೂ ಉರಿಯೂತದ ಜತೆಗೆ ಮಧ್ಯಮದಿಂದ ಗಂಭೀರ ಫೈಬ್ರೋಸಿಸ್ ಇರುವವರಿಗೆ ಮಾತ್ರ, ಅದೂ ಆಹಾರ ನಿಯಂತ್ರಣ ಮತ್ತು ವ್ಯಾಯಾಮದ ಜತೆಗೆ. ಅಂದರೆ ಮಾತ್ರೆ, ಚುಚ್ಚುಮದ್ದು ಬಂದರೂ ತಟ್ಟೆಯ ಬದಲಾವಣೆಗೆ ಪರ್ಯಾಯ ಬಂದಿಲ್ಲ.

ಆ ತಟ್ಟೆಗಾಗಿ ದೂರ ಹುಡುಕಬೇಕಿಲ್ಲ. ಪೈಠಣದ ಭಾಕ್ರಿ-ಉಸಳವಾಗಲಿ, ಉತ್ತರ ಕರ್ನಾಟಕದ ರೊಟ್ಟಿ-ಪುಂಡಿ ಪಲ್ಯವಾಗಲಿ, ಹಳೆ ಮೈಸೂರಿನ ಮುದ್ದೆ-ಉಪ್ಪೆಸರಾಗಲಿ, ಲಿವರ್ ಕೇಳುವ ಊಟ ನಮ್ಮ ಅಡುಗೆಮನೆಯಲ್ಲೇ ಇತ್ತು. ಹಬ್ಬಕ್ಕೆ ಮೀಸಲಾಗಿದ್ದ ಸಿಹಿ ಮತ್ತು ಕರಿದದ್ದು ದಿನನಿತ್ಯದ್ದಾಯಿತು, ದಿನನಿತ್ಯದ ಕಾಳು-ಸೊಪ್ಪು ಅಪರೂಪವಾಯಿತು. ಇದನ್ನು ಮತ್ತೆ ಅದಲುಬದಲು ಮಾಡಿದರೆ ಮುಂದಿನ ಸ್ಕ್ಯಾನಿಂಗ್ ವರದಿಯೂ ಬದಲಾಗಬಹುದು.

*(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ವೈದ್ಯಕೀಯ ಸಲಹೆಗೆ ಇದು ಪರ್ಯಾಯವಲ್ಲ. ಆಹಾರ ಕ್ರಮದಲ್ಲಿ ದೊಡ್ಡ ಬದಲಾವಣೆ ಮಾಡುವ ಮುನ್ನ, ವಿಶೇಷವಾಗಿ ಮಧುಮೇಹ, ಕಿಡ್ನಿ ಕಾಯಿಲೆ ಅಥವಾ ಸಿರೋಸಿಸ್ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಸಂಪರ್ಕಿಸಿ.)*